ಕೂಡೋದಾ, ಕಳೆಯೋದಾ?

ಪ್ರಶ್ನೆ: ಮಗಳು ಏಳನೇ ತರಗತಿ. ಬರೀ ಅಂಕಿ ಕೊಟ್ಟರೆ ಪಟಪಟನೆ ಬಿಡಿಸುತ್ತಾಳೆ. ವಾಕ್ಯರೂಪದ ಲೆಕ್ಕ ಬಂದರೆ ಮಾತ್ರ ‘ಅಮ್ಮಾ, ಇದು ಕೂಡೋದಾ, ಕಳೆಯೋದಾ?’ ಅಂತ ನನ್ನ ಮುಖ ನೋಡುತ್ತಾಳೆ. ‘ಹೆಚ್ಚು’ ಅಂದರೆ ಕೂಡು, ‘ಉಳಿದ’ ಅಂದರೆ ಕಳೆ ಎಂದು ಪಟ್ಟಿ ಮಾಡಿಕೊಟ್ಟೆ. ಆದರೂ ತಪ್ಪುತ್ತಾಳೆ. ಏನು ಮಾಡಲಿ ಮೇಡಂ?
– ಒಬ್ಬ ತಾಯಿ

ಉತ್ತರ: ಮೊದಲು ಆ ಪಟ್ಟಿಯನ್ನು ಎತ್ತಿಡಿ. ದಾರಿ ತಪ್ಪಿಸುತ್ತಿರುವುದು ಅದೇ. ಈ ಲೆಕ್ಕ ನೋಡಿ: ‘ರವಿಯ ಹತ್ತಿರ 24 ಗೋಲಿಗಳಿವೆ. ಇದು ಸೀತೆಯ ಹತ್ತಿರ ಇರುವುದಕ್ಕಿಂತ 6 ಹೆಚ್ಚು. ಇಬ್ಬರದೂ ಸೇರಿ ಎಷ್ಟು?’ ಪಟ್ಟಿ ನಂಬಿದ ಮಗು ‘ಹೆಚ್ಚು’ ಕಂಡ ಕೂಡಲೇ ಸೀತೆಗೆ 30 ಗೋಲಿ ಕೊಟ್ಟುಬಿಡುತ್ತದೆ. ಯಾರ ಹತ್ತಿರ ಹೆಚ್ಚು ಎಂದು ಕೇಳಿಕೊಳ್ಳುವುದೇ ಇಲ್ಲ.

ಪೆನ್ಸಿಲ್ ಹಿಡಿಯುವ ಮೊದಲು ಅಂಕಿ ಬಿಟ್ಟು ಕಥೆ ಹೇಳಿಸಿ: ‘ರವಿಗೆ ಜಾಸ್ತಿ, ಸೀತೆಗೆ ಕಡಿಮೆ. ಒಟ್ಟು ಕೇಳಿದ್ದಾರೆ.’ ಆಮೇಲೆ ಒಂದರ ಕೆಳಗೊಂದು ಎರಡು ಪಟ್ಟೆ ಎಳೆಯಲಿ. ಉದ್ದದ್ದು ರವಿಯದು, ಗಿಡ್ಡದ್ದು ಸೀತೆಯದು. ಉದ್ದ ಪಟ್ಟೆ ಪೂರ್ತಿ 24, ಮುಂದಕ್ಕೆ ಚಾಚಿದ ತುಂಡು 6. ಸೀತೆಯದು 18 ಎಂದು ಕಣ್ಣಿಗೇ ಕಾಣುತ್ತದೆ. ಒಟ್ಟು 42.

ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ ವಿವರಿಸಿದ ನಾಲ್ಕು ಹಂತಗಳಲ್ಲಿ ಮೊದಲನೆಯದು ಸಮಸ್ಯೆಯನ್ನು ಅರ್ಥ ಮಾಡಿಕೊಳ್ಳುವುದು. ಲೆಕ್ಕ ಮಾಡುವ ಕೆಲಸ ಬರುವುದು ಮೂರನೆಯದರಲ್ಲಿ. ನಮ್ಮ ಮಕ್ಕಳು ನೇರ ಅಲ್ಲಿಗೇ ಜಿಗಿಯುತ್ತಾರೆ. ಫ್ರಾನ್ಸಿನಲ್ಲಿ ಪುಟ್ಟ ಮಕ್ಕಳಿಗೆ ‘ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಕ್ಯಾಪ್ಟನ್ ವಯಸ್ಸೆಷ್ಟು?’ ಎಂದು ಕೇಳಿದ್ದರು. 97 ಮಕ್ಕಳಲ್ಲಿ 76 ಮಂದಿ ಆ ಅಂಕಿಗಳಿಂದಲೇ ವಯಸ್ಸು ಹೇಳಿದರು! ಅಂಕಿ ಕಂಡರೆ ಏನಾದರೂ ಮಾಡಲೇಬೇಕು ಎಂಬ ಅಭ್ಯಾಸ ಅದು. ನನಗೆ ನಿಜಕ್ಕೂ ಸಂಕಟವಾಗುವುದು ಇದಕ್ಕೇ.

ಸಮೀಕರಣದ ಲೆಕ್ಕಗಳಿಗೂ ಇದೇ ಮಾತು. ‘ತಂದೆಯ ವಯಸ್ಸು ಮಗನ ಮೂರರಷ್ಟು. 12 ವರ್ಷಗಳ ನಂತರ ಎರಡರಷ್ಟಾಗುತ್ತದೆ.’ ಇಲ್ಲಿ ಹೆಚ್ಚಿನವರು ಮಗನ ಈಗಿನ ವಯಸ್ಸು x ಎಂದಿಟ್ಟುಕೊಂಡು 3x + 12 = 2x ಎಂದು ಬರೆಯುತ್ತಾರೆ. ತಂದೆಗೆ ವಯಸ್ಸಾಯಿತು, ಮಗ ಮಾತ್ರ ಹಾಗೇ ಉಳಿದ! ‘ಈಗ’, ‘12 ವರ್ಷದ ನಂತರ’ ಎಂದು ಎರಡು ಕಾಲಂ ಹಾಕಿ ಇಬ್ಬರ ವಯಸ್ಸನ್ನೂ ಬರೆದರೆ 3x + 12 = 2(x + 12) ತಾನಾಗಿ ಬರುತ್ತದೆ. ಮಗನಿಗೆ 12, ತಂದೆಗೆ 36. ತಾಳೆ ನೋಡುವಾಗ ಸಮೀಕರಣಕ್ಕಲ್ಲ, ಮೂಲ ವಾಕ್ಯಕ್ಕೆ ಹಾಕಿ ನೋಡಲಿ: ಮುಂದೆ 24, 48. ಸರಿ. ಸಮೀಕರಣವೇ ತಪ್ಪಿದ್ದರೆ ಅದು ಸಿಗುವುದು ಹೀಗೆ ನೋಡಿದಾಗ ಮಾತ್ರ.

ಇನ್ನು ‘ಕೂಡೋದಾ, ಕಳೆಯೋದಾ’ ಎಂದು ಕೇಳಿದರೆ ದಯವಿಟ್ಟು ಉತ್ತರ ಹೇಳಬೇಡಿ. ‘ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ?’ ಎಂದಷ್ಟೇ ಕೇಳಿ. ಒಂದು ವಾರ ಉತ್ತರವೇ ಬೇಡ, ದಿನಕ್ಕೆರಡು ಲೆಕ್ಕಕ್ಕೆ ಪಟ್ಟೆ ಎಳೆದು ತೋರಿಸಿದರೆ ಸಾಕು ಎನ್ನಿ.