ಇನ್‌ಫ್ಲುಯೆನ್ಸರ್‌ಗಳು ಇಷ್ಟೊಂದು ಕೆಟ್ಟ ಕಾಮೆಂಟ್ ಹೇಗೆ ತಡ್ಕೋತಾರೆ?

ತಡ್ಕೊಳ್ಳಲ್ಲ ಗುರು, ಓದೋದೇ ಇಲ್ಲ. ನಿಮ್ಮ ತಂಗಿ ರೀಲ್ಸ್ ಶುರು ಮಾಡಿ ಈಗ ಕಾಮೆಂಟ್ ನೋಡ್ಕೊಂಡು ಅಳ್ತಾಳೆ, ಕಾಮೆಂಟೇ ಆಫ್ ಮಾಡಿಬಿಡ್ಲಾ ಅಂತ ಕೇಳಿದೀರ. ನಾನು ಒಂದು ಅಡುಗೆ ಚಾನೆಲ್‌ಗೆ ಎಡಿಟಿಂಗ್ ಮಾಡ್ಕೊಡ್ತೀನಿ, ಕಾಮೆಂಟ್ ನೋಡ್ಕೊಳೋ ಕರ್ಮಾನೂ ನಂದೇ. ಚಾನೆಲ್ ಅಕ್ಕ ವಿಡಿಯೋ ಬಿಟ್ಟ ದಿನ ಆ ಕಡೆ ತಲೆನೇ ಹಾಕಲ್ಲ, ನಾನು ಕಸ ಗುಡಿಸಿದ್ಮೇಲೆ ಉಳಿದಿದ್ದನ್ನ ಅವ್ರು ಓದೋದು. ನೋಡೋರಿಗೆ ಅಬ್ಬಾ ಎಂಥಾ ಗಟ್ಟಿಗಿತ್ತಿ ಅನ್ಸತ್ತೆ. ನಂಗೆ ಗೊತ್ತಿರೋ ಚಾನೆಲ್‌ಗಳಲ್ಲೆಲ್ಲ ಹಿಂಗೇ, ಗಂಡನೋ ತಮ್ಮನೋ ಮ್ಯಾನೇಜರೋ ಯಾರೋ ಒಬ್ರು ಮಧ್ಯೆ ಕೂತಿರ್ತಾರೆ.

ಉಪ್ಪು ಜಾಸ್ತಿ ಆಯ್ತು ಅಂತ ಬೈಯೋರು ಕಮ್ಮಿ ಕಣ್ರಿ. 'ತಾಳಿ ಎಲ್ಲಿ', 'ನೈಟಿ ಹಾಕ್ಕೊಂಡು ಕ್ಯಾಮೆರಾ ಮುಂದೆ ಬರೋಕೆ ನಾಚಿಕೆ ಆಗಲ್ವಾ', 'ಗಂಡ ದುಡಿಯಲ್ವಾ', ಇವೇ ಬರೋದು. ಅದೇ ಹುಳಿನ ಒಬ್ಬ ಗಂಡಸು ಬನಿಯನ್ ಹಾಕ್ಕೊಂಡು ಮಾಡಿದ್ರೆ 'ಸೂಪರ್ ಬ್ರೋ'.

ಚಾನೆಲ್ ನೋಡ್ಕೊಳೋಕೆ ಇರೋ ಯೂಟ್ಯೂಬ್ ಸ್ಟುಡಿಯೋದಲ್ಲಿ ಬ್ಲಾಕ್ಡ್ ವರ್ಡ್ಸ್ ಅಂತ ಇದೆ, ಅದ್ರಲ್ಲಿ ಹಾಕಿದ ಪದ ಇರೋ ಕಾಮೆಂಟು ಪಬ್ಲಿಕ್‌ಗೆ ಹೋಗದೆ ತಡೆದು ನಿಲ್ಲತ್ತೆ. ಇಂಗ್ಲಿಷ್ ಬೈಗುಳ ಆದ್ರೆ ಯೂಟ್ಯೂಬೇ ಸುಮಾರಾಗಿ ಹಿಡಿಯತ್ತೆ, ನಮ್ಮೋರು ಕನ್ನಡ ಬೈಗುಳಾನ ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ರು ಒಂದೊಂದು ಸ್ಪೆಲ್ಲಿಂಗಲ್ಲಿ ಹೊಡೀತಾರೆ, ಮಧ್ಯೆ ಒಂದು ಸ್ಟಾರು, ಒಂದು ಸೊನ್ನೆ, ಎಲ್ಲಾನೂ ಕೂತು ಒಂದೊಂದಾಗಿ ಸೇರಿಸ್ಬೇಕು. ನನ್ನ ಲಿಸ್ಟ್ ನಮ್ಮಮ್ಮ ನೋಡಿದ್ರೆ ಮನೆಯಿಂದ ಆಚೆ ಹಾಕ್ತಾರೆ.

ಬೈಯೋನನ್ನ ಬ್ಲಾಕ್ ಮಾಡೋಕೆ ಹೋಗ್ಬೇಡಿ, ಸ್ಕ್ರೀನ್‌ಶಾಟ್ ಹಾಕ್ಕೊಂಡು 'ಹೆದರ್ಕೊಂಡ್ಲು' ಅಂತ ಕುಣಿದು ಇನ್ನೊಂದು ಅಕೌಂಟಲ್ಲಿ ಬರ್ತಾರೆ. ಇನ್‌ಸ್ಟಾದಲ್ಲಿ 2019ರಿಂದ ರಿಸ್ಟ್ರಿಕ್ಟ್ ಇದೆ, ಯೂಟ್ಯೂಬಲ್ಲಿ ಹೈಡ್ ಯೂಸರ್, ಅದನ್ನ ಒತ್ತಿ. ಅವನಿಗೆ ನೋಟಿಫಿಕೇಶನ್ನೂ ಹೋಗಲ್ಲ, ಬರ್ದಿದ್ದು ಅವನಿಗೆ ಕಾಣ್ತಾನೇ ಇರತ್ತೆ, ಬೇರೆಯವ್ರಿಗೆ ಕಾಣಲ್ಲ. ನಮ್ಮಲ್ಲಿ ಒಬ್ಬ ಮಹಾನುಭಾವ ಎಷ್ಟೋ ಕಾಲದಿಂದ ಹಂಗೇ ಒಬ್ನೇ ಬೈಕೊಂಡು ಕೂತಿದಾನೆ, ಪುಣ್ಯಾತ್ಮ. ಡಿಸ್‌ಲೈಕ್ ಲೆಕ್ಕಾನ 2021ರ ನವೆಂಬರಲ್ಲಿ ಯೂಟ್ಯೂಬ್ ಪಬ್ಲಿಕ್‌ಗೆ ಕಾಣದಂಗೆ ಮಾಡ್ತು, ಆದ್ರೆ ವಿಡಿಯೋ ಮಾಡಿದವ್ರಿಗೆ ಸ್ಟುಡಿಯೋದಲ್ಲಿ ಈಗ್ಲೂ ಕಾಣತ್ತೆ. ಉರಿಯೋದು ಯಾರಿಗೋ ಅವ್ರಿಗೇ ತೋರಿಸ್ತಾರೆ, ಚೆನ್ನಾಗಿದೆ!

ಹಂಗಂತ ಹೇಟ್ ಹೇಟ್ ಅಂತ ಅಳೋರೆಲ್ಲ ಪಾಪದವ್ರೇನಲ್ಲ. ದುಡ್ಡು ತಗೊಂಡು ಪ್ರಮೋಷನ್ ಮಾಡಿ 'ನಾನು ದಿನಾ ಇದೇ ಹಚ್ಚೋದು' ಅನ್ನೋರು, ಬೆಟ್ಟಿಂಗ್ ಆ್ಯಪ್ ಲಿಂಕ್ ಹಾಕಿ ಹುಡುಗರ ದುಡ್ಡು ಮುಳುಗಿಸಿದೋರು, ಇವ್ರಿಗೆ ಜನ ಉಗಿದ್ರೆ ಅದು ಟ್ರೋಲ್ ಅಲ್ಲ. ಪೇಯ್ಡ್ ಅಂದ್ರೆ ಪೇಯ್ಡ್ ಅಂತ ಸ್ಪಷ್ಟವಾಗಿ ಹಾಕ್ಲೇಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲೇ ಹೇಳಿದೆ. ಇಂಥ ಕಾಮೆಂಟ್‌ಗಳನ್ನ ನಾನು ಅಳಿಸಲ್ಲ, ಅಕ್ಕಂಗೆ ಕಳಿಸ್ತೀನಿ, ಮುಖ ಊದಿಸ್ಕೊಂಡ್ರೂ ಓದ್ತಾರೆ.

ತಂಗಿಗೆ ಒಂದು ಮಾತ್ರ ಹೇಳಿ, ರಾತ್ರಿ ಲೈವ್ ಬಂದು ಅಳೋದು, ಕ್ಲಾರಿಫಿಕೇಶನ್ ವಿಡಿಯೋ ಮಾಡೋದು ಬೇಡ್ವೇ ಬೇಡ. ವಿಷ್ಯ ಗೊತ್ತಿಲ್ದೇ ಇರೋರಿಗೂ ಗೊತ್ತಾಗತ್ತೆ, ಟ್ರೋಲ್ ಪೇಜ್‌ಗಳಿಗೆ ಫ್ರೀಯಾಗಿ ಕ್ಲಿಪ್ ಸಿಗತ್ತೆ.

ಆಫ್ ಮಾಡೋ ವಿಷ್ಯ: ಪ್ಯೂಡಿಪೈ ಅಂಥ ದೊಡ್ಡ ಯೂಟ್ಯೂಬರೇ 2014ರಲ್ಲಿ ಕಾಮೆಂಟ್ ಬಂದ್ ಮಾಡಿದ್ದ, ಆಮೇಲೆ ಮತ್ತೆ ಓಪನ್ ಮಾಡಿದ. ಸಣ್ಣ ಅಕೌಂಟಿಗೆ ಒಳ್ಳೇ ಮಾತಾಡೋ ನಾಲ್ಕು ಜನಾನೂ ಹೋಗ್ತಾರೆ, ಅದಕ್ಕೆ ಸದ್ಯಕ್ಕೆ ಫಾಲೋವರ್ಸ್ ಮಾತ್ರ ಕಾಮೆಂಟ್ ಮಾಡೋ ಥರ ಸೆಟ್ ಮಾಡಿ.

ಇನ್ನು ಅಶ್ಲೀಲ ಮೆಸೇಜು, ಬೆದರಿಕೆ, ಫೋಟೋ ಮಾರ್ಫ್ ಇವೆಲ್ಲ ಕ್ರಿಟಿಸಿಸಂ ಲೆಕ್ಕಕ್ಕೇ ಬರಲ್ಲ. 2025ರ ಜುಲೈನಲ್ಲಿ ನಟಿ ರಮ್ಯಾ ಇಂಥ ಮೆಸೇಜ್ ಕಳಿಸಿದ 43 ಅಕೌಂಟ್ ಪಟ್ಟಿ ಮಾಡ್ಕೊಂಡು ಬೆಂಗಳೂರು ಪೊಲೀಸ್ ಕಮಿಷನರ್‌ಗೆ ಕಂಪ್ಲೇಂಟ್ ಕೊಟ್ರು, ಅರೆಸ್ಟೂ ಆಯ್ತು. ಅವ್ರು ಸ್ಟಾರು ಅದಕ್ಕೆ ಬೇಗ ಆಯ್ತು ಅಂತೀರ, ಇರ್ಬೋದು, ಆದ್ರೂ ಸೈಬರ್ ಕ್ರೈಂ ನೋಡ್ಕೊಳೋ ಸಿಇಎನ್ ಪೊಲೀಸ್ ಠಾಣೆ, ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್ ಎರಡೂ ನಮಗೂ ಇದೆ. ಸಿಟ್ಟಲ್ಲಿ ಮೆಸೇಜ್ ಡಿಲೀಟ್ ಮಾಡ್ಬೇಡಿ, ಅವನು ಯೂಸರ್‌ನೇಮ್ ಬದಲಾಯ್ಸೋಕ್ ಮುಂಚೆ ಪ್ರೊಫೈಲ್ ಲಿಂಕು, ತಾರೀಕು, ಟೈಮ್ ಎಲ್ಲಾ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳಿ.