ಬೆನ್ನಿಗೆ ಪೆಟ್ಟು ಬಿದ್ದವರನ್ನು ಎಬ್ಬಿಸಬೇಡಿ, ಪ್ರೊಟೆಕ್ಟರ್ ಆಮೇಲೆ ನೋಡೋಣ

ನೀವು ಹಾಕಿದ ವಿಡಿಯೊ ನೋಡಿದೆ, ಅಮೆರಿಕದ ಟಾಹೋದಲ್ಲಿ ಸ್ನೋಬೋರ್ಡ್, ಸ್ಕೀ ಹಾರಲು ಹಿಮದ ಜಂಪ್ ಕಟ್ಟಿರುವ ಪಾರ್ಕ್‌ನದು. ನಿಮ್ಮ ಗೆಳೆಯರಿಗೆ ಟೇಬಲ್‌ಟಾಪ್‌ನಲ್ಲಿ (ಹಾರುವ ಅಂಚಿಗೂ ಇಳಿಯುವ ಇಳಿಜಾರಿಗೂ ನಡುವೆ ಸಪಾಟು ಜಾಗ ಇರುವ ಜಂಪ್) ಸ್ಪೀಡ್ ಸಾಲಲಿಲ್ಲ, ಆ ಸಪಾಟು ಡೆಕ್ ಮೇಲೇ ಕೂತ ಹಾಗೆ ಬಿದ್ದರು. ನೀವು ಇಬ್ಬರು ಓಡಿ ಬಂದು ಕಂಕುಳಿಗೆ ಕೈ ಹಾಕಿ ಎಬ್ಬಿಸಿದಿರಿ, ಹೆಲ್ಮೆಟ್ ತೆಗೆದಿರಿ, ಅವರು ಬೋರ್ಡ್ ಹಾಕಿಕೊಂಡೇ ಕೆಳಗಿಳಿದರು. ಈಗ ಮೂರು ದಿನದಿಂದ ಬೆನ್ನು ಹಿಡಿದುಕೊಂಡಿದೆ, ಯಾವ ಬ್ಯಾಕ್ ಪ್ರೊಟೆಕ್ಟರ್ (ಬೆನ್ನಿಗೆ ಹಾಕುವ ರಕ್ಷಾಕವಚ) ತಗೋಬೇಕು ಅಂತ ಕೇಳಿದ್ದೀರಿ.

ಮೊದಲು ಅವರನ್ನು ಇವತ್ತೇ ಡಾಕ್ಟರ್‌ಗೆ ತೋರಿಸಿ. ಬಿದ್ದದ್ದು ಹೇಗೆ ಅಂತ ಸರಿಯಾಗಿ ಹೇಳಿ. 'ಬೆನ್ನು ನೋವು' ಅಂದರೆ ಮಾತ್ರೆ ಕೊಟ್ಟು ಕಳಿಸುತ್ತಾರೆ. 'ಜಂಪ್‌ನಿಂದ ಸಪಾಟು ಜಾಗಕ್ಕೆ ಕೂತ ಹಾಗೆ ಬಿದ್ದರು' ಅಂದರೆ ಅವರ ಯೋಚನೆಯೇ ಬೇರೆ ಆಗುತ್ತದೆ. ಎಕ್ಸ್‌ರೇಯಲ್ಲಿ ಕೆಲವು ಬಿರುಕು ಕಾಣುವುದಿಲ್ಲ, ಸಿ.ಟಿ. ಬೇಕಾ ಅಂತ ನೀವೇ ಕೇಳಿ. ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು ಎಣ್ಣೆ ಹಚ್ಚಿ ನೀವಿಸಿ ಅಂದಿದ್ದಾರೆ. ದಯವಿಟ್ಟು ಬೇಡ. ಮೂಳೆ ಒಡೆದಿಲ್ಲ ಅಂತ ಗೊತ್ತಾಗುವವರೆಗೆ ಬೆನ್ನಿಗೆ ಯಾರೂ ಕೈ ಹಾಕಬಾರದು. ಕಾಲು ಮರಗಟ್ಟಿದರೆ, ಬಲ ಕಡಿಮೆ ಆದರೆ, ತೊಡೆಯ ಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಕಟ್ಟಿದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

'ಎದ್ದು ನಡೆದರಲ್ಲ, ಏನೂ ಆಗಿರಲಿಕ್ಕಿಲ್ಲ' ಅಂತ ಮಾತ್ರ ಅನ್ನಬೇಡಿ. ನಮ್ಮ ಜೊತೆ ಬರುತ್ತಿದ್ದ ಒಬ್ಬರು ಹೀಗೇ ಬಿದ್ದರು. ನಾವೂ ಕೈ ಹಿಡಿದು ಎಬ್ಬಿಸಿದೆವು. ನಡೆದರು, ಊಟ ಮಾಡಿದರು, ಫ್ರೀಮಾಂಟ್ ತನಕ ಕಾರಿನಲ್ಲಿ ಕೂತು ಬಂದರು. ಎರಡು ದಿನ ಆದ ಮೇಲೆ ಸಿ.ಟಿ. ಮಾಡಿಸಿದರೆ ಎಲ್1 (ಸೊಂಟದ ಭಾಗದ ಮೊದಲ ಬೆನ್ನುಮೂಳೆ) ಕಂಪ್ರೆಷನ್ ಫ್ರಾಕ್ಚರ್, ಅಂದರೆ ಮೂಳೆ ಒತ್ತಿ ಕುಸಿದಿತ್ತು. ಬೆನ್ನುಹುರಿಗೆ ಏನೂ ಆಗಿರಲಿಲ್ಲ, ಬ್ರೇಸ್ ಹಾಕಿ ವಾಸಿಯಾಯಿತು. ಮುರಿದ ಮೂಳೆ ಸ್ಥಿರವಾಗಿದ್ದರಿಂದ ಉಳಿದುಕೊಂಡರು, ಅಷ್ಟೇ. ಅದು ಬರ್ಸ್ಟ್ ಫ್ರಾಕ್ಚರ್ (ಮೂಳೆ ಒಡೆದು ಚೂರಾಗುವುದು) ಆಗಿದ್ದರೆ, ಎಬ್ಬಿಸುವಾಗಲೇ ಚೂರು ಹಿಂದೆ ಸರಿದು ಹುರಿಯನ್ನು ಒತ್ತಬಹುದಿತ್ತು. ಹೊರಗಿನಿಂದ ನೋಡಿ ಯಾವುದು ಯಾವುದು ಅಂತ ಹೇಳಲು ನಿಮಗೂ ಆಗಲ್ಲ, ನನಗೂ ಆಗಲ್ಲ.

ಹೀಗೆ ಬಿದ್ದಾಗ ಜಾಸ್ತಿ ಮುರಿಯುವುದು ಟಿ12 (ಎಲ್1ರ ಮೇಲಿನ ಬೆನ್ನುಮೂಳೆ), ಎಲ್1 ಸುತ್ತಮುತ್ತ. ಅದರ ಮೇಲಿನ ಬೆನ್ನನ್ನು ಪಕ್ಕೆಲುಬು ಬಿಗಿಯಾಗಿ ಹಿಡಿದಿರುತ್ತದೆ, ಕೆಳಗಿನ ಸೊಂಟ ಬಾಗುತ್ತದೆ, ನಡುವಿನ ಜಾಗಕ್ಕೆ ಪೂರ್ತಿ ಹೊಡೆತ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಸ್ಕೀ ಕ್ರಾಸ್ ಆಟಗಾರ್ತಿ ಮರಿಯಾ ಕೊಮಿಸ್ಸರೋವಾ ತರಬೇತಿ ವೇಳೆ ಬಿದ್ದಾಗ ಮುರಿದದ್ದೂ ಟಿ12. ಅವರು ಮತ್ತೆ ಮೊದಲಿನಂತೆ ನಡೆಯಲಿಲ್ಲ.

ಹಾಗಾದರೆ ಬಿದ್ದಾಗ ಏನು ಮಾಡಬೇಕು? ಅವರು ಹೇಗಿದ್ದಾರೋ ಹಾಗೇ ಇರಲಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಮುಟ್ಟಬೇಡಿ. ಉಸಿರಾಟ ನಿಂತಿದ್ದರೆ ಮಾತ್ರ ಲೆಕ್ಕ ಬೇರೆ, ಅಲ್ಲಿ ಬೆನ್ನಿಗಿಂತ ಉಸಿರು ಮೊದಲು. ಟ್ರೀ ವೆಲ್‌ನಲ್ಲಿ (ಮರದ ಬುಡದ ಸುತ್ತ ಸಡಿಲ ಹಿಮದ ಗುಂಡಿ) ತಲೆಕೆಳಗಾದವರಿಗೂ ಅದೇ ಮಾತು. ಒಬ್ಬರು ಮೇಲಕ್ಕೆ ಹೋಗಿ, ಬರುವವರಿಗೆ ಕಾಣುವ ಹಾಗೆ ಬೋರ್ಡ್ ನೆಡಿ ಅಥವಾ ಸ್ಕೀಗಳನ್ನು ಅಡ್ಡಡ್ಡ ಸಿಕ್ಕಿಸಿ, ಕೈ ಮೇಲೆತ್ತಿ ನಿಂತುಕೊಳ್ಳಿ. ಜಂಪ್ ಆದರೆ ಇದು ಇನ್ನೂ ಮುಖ್ಯ, ಲಿಪ್ (ಹಾರುವ ಅಂಚು) ಆಚೆ ಬಿದ್ದವರು ಹಿಂದಿನವರಿಗೆ ಕಾಣಿಸುವುದೇ ಇಲ್ಲ. ಸ್ಕೀ ಪಟ್ರೋಲ್ (ಬೆಟ್ಟದ ರಕ್ಷಣಾ ತಂಡ) ನಂಬರ್ ಬೆಳಿಗ್ಗೆಯೇ ಫೋನಿನಲ್ಲಿ ಹಾಕಿಕೊಳ್ಳಿ. ರನ್ ಹೆಸರು, ಹತ್ತಿರದ ಲಿಫ್ಟ್ ಟವರ್ ನಂಬರ್ ಹೇಳಿ. ಮೇಲೆ ಜಾಕೆಟ್ ಹೊದಿಸಿ. ಕೆಳಗೆ ಹಾಸಲು ಅಂತ ಎತ್ತಬೇಡಿ.

ಈಗ ಜಂಪ್. ಹೊಡೆತ ಎಷ್ಟು ಅನ್ನುವುದು ಎಷ್ಟು ಎತ್ತರ ಹಾರಿದಿರಿ ಅನ್ನುವುದಕ್ಕಿಂತ ಎಲ್ಲಿ ಇಳಿದಿರಿ ಅನ್ನುವುದರ ಮೇಲಿದೆ. 3 ಮೀಟರ್‌ನಿಂದ ಸಪಾಟು ಜಾಗಕ್ಕೆ ಬಿದ್ದರೆ ನೆಲ ಮುಟ್ಟುವಾಗ ಗಂಟೆಗೆ ಸುಮಾರು 28 ಕಿ.ಮೀ. ವೇಗ, ಅಷ್ಟನ್ನೂ ದೇಹವೇ ತಡೆಯಬೇಕು. ಅದೇ ಎತ್ತರದಿಂದ ಸರಿಯಾದ ಇಳಿಜಾರಿನ ಮೇಲೆ ಇಳಿದರೆ ಹೆಚ್ಚಿನ ವೇಗ ಮುಂದಕ್ಕೆ ಜಾರಿ ಹೋಗುತ್ತದೆ. ಆದ್ದರಿಂದ ನಕಲ್ (ಡೆಕ್ ಮುಗಿದು ಇಳಿಜಾರು ಶುರುವಾಗುವ ಅಂಚು) ಮುಟ್ಟದೆ ಡೆಕ್ ಮೇಲೆ ಬೀಳುವುದೂ ಅಪಾಯ, ಲ್ಯಾಂಡಿಂಗ್ ದಾಟಿ ಬೀಳುವುದು ಇನ್ನೂ ಅಪಾಯ. ವಾಷಿಂಗ್ಟನ್ ರಾಜ್ಯದ ಸ್ನೋಕ್ವಾಲ್ಮಿಯಲ್ಲಿ 2004ರಲ್ಲಿ ಕೆನ್ನಿ ಸಾಲ್ವಿನಿ ಎಂಬ ಯುವಕ ಹೀಗೆ ಲ್ಯಾಂಡಿಂಗ್ ದಾಟಿ ಬಿದ್ದು ಕೈಕಾಲಿನ ಸ್ವಾಧೀನ ಕಳೆದುಕೊಂಡರು. 2007ರಲ್ಲಿ ಜ್ಯೂರಿ 1.4 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಪಾರ್ಕ್ ಕಟ್ಟಿದವರು ಎಲ್ಲ ಲೆಕ್ಕ ಹಾಕಿರುತ್ತಾರೆ ಅನ್ನುವ ನಂಬಿಕೆ ಬೇಡ.

ನಾನು ಪಾಲಿಸುವುದು ಇಷ್ಟು. ಮೊದಲ ರನ್‌ನಲ್ಲಿ ಯಾವ ಜಂಪೂ ಇಲ್ಲ, ಪಕ್ಕದಲ್ಲಿ ನಿಧಾನ ಇಳಿದು ಲ್ಯಾಂಡಿಂಗ್ ಎಷ್ಟು ಉದ್ದ, ಎಷ್ಟು ಗಟ್ಟಿ ಅಂತ ನೋಡುತ್ತೇನೆ. ಆಮೇಲೆ ಬದಿಯಲ್ಲಿ ನಿಂತು ನನ್ನಷ್ಟೇ ತೂಕದವರು ಎಲ್ಲಿಂದ ಹೊರಡುತ್ತಾರೆ, ಎಲ್ಲಿ ಇಳಿಯುತ್ತಾರೆ ಅಂತ ಗಮನಿಸುತ್ತೇನೆ. ನಂತರ ಅದೇ ಜಾಗದಿಂದ ಹೊರಟು ಲಿಪ್‌ಗೆ ಮೊದಲೇ ಬದಿಗೆ ತಿರುಗಿಕೊಂಡು ಸ್ಪೀಡ್ ಚೆಕ್. ಇದನ್ನು ಊಟ ಆದ ಮೇಲೆ ಮತ್ತೆ ಮೊದಲಿನಿಂದ ಮಾಡಬೇಕು. ಮಾರ್ಚ್, ಏಪ್ರಿಲ್‌ನಲ್ಲಂತೂ ಬಿಡಲೇಬಾರದು. ಬೆಳಿಗ್ಗೆ ಹಿಮ ಕಲ್ಲಿನಂತೆ ಗಟ್ಟಿ, ವೇಗ ಜಾಸ್ತಿ, ದಾಟಿ ಬೀಳುತ್ತೀರಿ. ಮಧ್ಯಾಹ್ನ ಕರಗಿ ಬೋರ್ಡ್ ಹಿಡಿಯುತ್ತದೆ, ಡೆಕ್ ಮೇಲೆ ಬೀಳುತ್ತೀರಿ. ನಿಮ್ಮ ವಿಡಿಯೊದ ನೆರಳು ನೋಡಿದರೆ ಮಧ್ಯಾಹ್ನವೇ ಅಲ್ವಾ? ಎಸ್ ಸೈಜ್ (ಚಿಕ್ಕ) ಜಂಪ್ ಸಲೀಸಾಗುವ ತನಕ ಎಂ (ಮಧ್ಯಮ) ಕಡೆ ಹೋಗಬೇಡಿ. ಸುಮ್ನೆ ಗೆಳೆಯರು ಕ್ಯಾಮೆರಾ ಹಿಡಿದಿದ್ದಾರೆ ಅಂತ ಯಾರೂ ಹಾರಬಾರದು.

ಪ್ರೊಟೆಕ್ಟರ್ ಹಾಕಿಕೊಳ್ಳಿ, ಆದರೆ ಅದು ಏನು ಮಾಡುತ್ತದೆ ಅಂತ ತಿಳಿದಿರಲಿ. ಬೆನ್ನಿಗೆ ನೇರ ಬೀಳುವ ಪೆಟ್ಟನ್ನು ತಗ್ಗಿಸುತ್ತದೆ, ಪಾರ್ಕ್‌ನ ಲೋಹದ ರೈಲ್ ಕಂಬಿ, ಕಲ್ಲು, ಇನ್ನೊಬ್ಬರ ಸ್ಕೀ, ಹೀಗೆ. ಪಿರ್ರೆ ಊರಿ ಬಿದ್ದಾಗ ಕೆಳಗಿನಿಂದ ಮೇಲೆ ಬರುವ ಒತ್ತಡವನ್ನು ಯಾವ ಪ್ರೊಟೆಕ್ಟರೂ ತಡೆಯುವುದಿಲ್ಲ. ಯುರೋಪಿನ ಮಾನದಂಡ ಇಎನ್ 1621-2 ಗುರುತು ಇರಬೇಕು, ಅದರಲ್ಲೂ ಲೆವೆಲ್ 2. ಆ ಪರೀಕ್ಷೆಯಲ್ಲಿ ಒಳಗೆ ದಾಟುವ ಬಲ ಸರಾಸರಿ 9 ಕಿಲೋನ್ಯೂಟನ್ ಮೀರಬಾರದು, ಲೆವೆಲ್ 1ರಲ್ಲಿ 18 ತನಕ ಬಿಡುತ್ತಾರೆ. ಮೂಲತಃ ಬೈಕ್ ಸವಾರರಿಗೆ ಮಾಡಿದ ಮಾನದಂಡ ಅದು. ನನಗೆ ಡೈನೀಸ್ ಕಂಪನಿಯ ವೆಸ್ಟ್ ಇಷ್ಟ, ಬಾಗಿದರೂ ಜರುಗುವುದಿಲ್ಲ. ಪಿ.ಒ.ಸಿ. ಕಂಪನಿಯದೂ ಚೆನ್ನಾಗಿದೆ, ಬೆಲೆ ಮಾತ್ರ ಜಾಸ್ತಿ ಅನ್ನಿಸುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಗುರುತಿಲ್ಲದ ಸ್ಪಂಜು ಖಂಡಿತ ಬೇಡ. ಬೋರ್ಡ್ ಹೊಸದಾಗಿ ಕಲಿಯುವವರು ಆ ದುಡ್ಡಿನಲ್ಲಿ ಮೊದಲು ರಿಸ್ಟ್ ಗಾರ್ಡ್, ಪ್ಯಾಡ್ ಇರುವ ಒಳಚಡ್ಡಿ ತಗೊಳ್ಳಿ. ಬೋರ್ಡ್‌ನ ಹಿಂಬದಿ ಅಂಚು ಹಿಮಕ್ಕೆ ಸಿಕ್ಕಿಕೊಂಡು ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ಒತ್ತಿ, ಮುಷ್ಟಿ ಕಟ್ಟಿ.

ಇನ್ನೊಂದು, ಬೆನ್ನಿನ ಬ್ಯಾಗ್‌ನಲ್ಲಿ ಸ್ಟೀಲ್ ಫ್ಲಾಸ್ಕ್, ಕ್ಯಾಮೆರಾ ಹಾಕಿಕೊಂಡು ಇಳಿಯುವವರನ್ನು ಎಷ್ಟೋ ಸಲ ನೋಡಿದ್ದೇನೆ. ಬಿದ್ದರೆ ಅದು ನೇರ ಬೆನ್ನುಮೂಳೆಗೇ ಬಡಿಯುತ್ತದೆ. ಫ್ಲಾಸ್ಕ್ ಲಾಡ್ಜ್‌ನಲ್ಲೇ ಬಿಡಿ.

ಊರಿನಿಂದ ಬಂದ ತಮ್ಮ, ಭಾವ ಇವರನ್ನೆಲ್ಲ ಹಿಮಕ್ಕೆ ಕರೆದುಕೊಂಡು ಹೋಗುವ ಮೊದಲು ವಿಸಿಟರ್ ಇನ್ಶೂರೆನ್ಸ್ ಪತ್ರ ತೆಗೆದು ಓದಿ. ಎಷ್ಟೋ ಪಾಲಿಸಿಗಳಲ್ಲಿ ಸ್ಕೀಯಿಂಗ್ ಇರುವುದಿಲ್ಲ, ಬೇರೆ ರೈಡರ್ (ಹೆಚ್ಚುವರಿ ರಕ್ಷಣೆ) ಸೇರಿಸಬೇಕು. ಸ್ಕೀ ಪಟ್ರೋಲ್‌ನವರು ಸ್ಲೆಡ್‌ನಲ್ಲಿ ಕೆಳಗಿಳಿಸುವುದಕ್ಕೆ ಇಲ್ಲಿ ಸಾಮಾನ್ಯವಾಗಿ ದುಡ್ಡು ತಗೊಳ್ಳುವುದಿಲ್ಲ, ಆದರೆ ಅಲ್ಲಿಂದ ಮುಂದಿನ ಆಂಬುಲೆನ್ಸ್, ಹೆಲಿಕಾಪ್ಟರ್ ಬಿಲ್ ನಿಮ್ಮದೇ.