ಹೇನಿನ ಕಾಟ ಮತ್ತು ಶಾಲೆಗೆ ಹೋಗಲೊಲ್ಲದ ಮಗಳು

(ಗುರುತು ಸಿಗದಂತೆ ಮನೆಯವರ ವಿವರಗಳನ್ನು ಬದಲಿಸಲಾಗಿದೆ.)

ರಾಜಾಜಿನಗರದ ಕಡೆಯ ಕುಟುಂಬ. ತಾಯಿಗೆ ಅಕೌಂಟ್ಸ್ ಕೆಲಸ, ತಂದೆಗೆ ಶಿಫ್ಟ್ ಡ್ಯೂಟಿ, ಮನೆಯಲ್ಲಿ ಅತ್ತೆ. ಮೂರನೇ ತರಗತಿಯ ಮಗಳಿಗೆ ಬೆಳಗಾದರೆ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ. ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ ಎಂದು ಮಕ್ಕಳ ಡಾಕ್ಟರು ಹೇಳಿದ ಮೇಲೆ ತಾಯಿ ಆಪ್ತಸಲಹೆಗೆ ಕರೆತಂದರು.

ಹೇನಿನ ವಿಷಯ ಹೊರಬಿದ್ದದ್ದು ತಡವಾಗಿ. ತರಗತಿಯಲ್ಲಿ ಮಗುವನ್ನು ಕೊನೇ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದ್ದಾರೆ. ವ್ಯಾನಿನಲ್ಲಿ ಪಕ್ಕದ ಹುಡುಗಿ ಸರಿದು ಕೂರುತ್ತಾಳೆ. ಮನೆಗೆ ಬಂದರೆ ಅಮ್ಮ ಬಾಲ್ಕನಿಯಲ್ಲಿ ತಲೆ ಬಗ್ಗಿಸಿ, "ಥೂ, ಎಷ್ಟಿದೆ ನೋಡು" ಅಂತ ಬೈದುಕೊಂಡೇ ಬಾಚುತ್ತಾರೆ. "ನೀನು ಆಫೀಸು ಅಂತ ಹೋದ್ರೆ ಮಗು ತಲೆ ಯಾರು ನೋಡ್ಬೇಕು" ಅನ್ನುವುದು ಅತ್ತೆಯ ಮಾತು. ತಂದೆಯದು ಒಂದೇ ಪರಿಹಾರ, ತಲೆ ಬೋಳಿಸಿಬಿಡೋಣ. ಹುಡುಗಿ ಕೂತಷ್ಟು ಹೊತ್ತೂ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಿದ್ದಳು. ಕೊನೆಗೆ ಕೇಳಿದ್ದು: "ಆಂಟಿ, ನಾನು ಗಲೀಜಾ?"

ಈ ಪ್ರಶ್ನೆಗೆ ಉತ್ತರವನ್ನು ಅಮ್ಮನ ಎದುರಿಗೇ ಕೊಡಲಾಯಿತು. ಹೇನಿಗೆ ತೊಳೆದ ತಲೆ, ತೊಳೆಯದ ತಲೆ ಎಂಬ ಭೇದವಿಲ್ಲ. ಅದು ಹಾರುವುದಿಲ್ಲ, ನೆಗೆಯುವುದಿಲ್ಲ, ತಲೆಗೆ ತಲೆ ತಾಗಿದಾಗ ನಡೆದು ಹೋಗುತ್ತದೆ. ಹೀಗೆ ಒತ್ತಿ ಕೂತು ಆಡುವ ಯಾವ ಮಗುವಿಗೂ ಬರಬಹುದು. ತಲೆಹೇನಿನಿಂದ ಬೇರೆ ರೋಗ ಹರಡುವುದಿಲ್ಲ. ಮಗುವನ್ನು ಬೇರೆ ಕೂರಿಸುವ, ಮನೆಗೆ ಕಳಿಸುವ ಅಗತ್ಯವಿಲ್ಲ ಎಂದು ಅಮೆರಿಕದ ಮಕ್ಕಳ ತಜ್ಞರ ಸಂಘವೂ ಹೇಳುತ್ತದೆ. ತಲೆ ಬೋಳಿಸಿದರೆ ಹೇನು ಹೋಗುತ್ತದೆ, ನಿಜ. ಆದರೆ ಈಗಾಗಲೇ ಕೈಯಿಂದ ತಲೆ ಮುಚ್ಚಿಕೊಳ್ಳುವ ಮಗುವಿಗೆ ಅದು ಇನ್ನೊಂದು ಶಿಕ್ಷೆ. ಅದು ಬೇಡವೆಂದು ಖಡಾಖಂಡಿತವಾಗಿ ಹೇಳಲಾಯಿತು.

ಆಮೇಲೆ, ಇಷ್ಟು ದಿನ ಏನೇನು ಮಾಡಿದಿರಿ ಎಂದು ಕೇಳಿದಾಗ ಎಡವಟ್ಟು ಎಲ್ಲಿದೆ ಎಂಬುದು ತಿಳಿಯಿತು. ತಾಯಿ 1% ಪರ್ಮೆಥ್ರಿನ್ ಲೋಷನ್ ತಂದಿದ್ದರು. ಔಷಧಿ ಸರಿಯಾದದ್ದೇ. ಆದರೆ ಎಣ್ಣೆ ಹಚ್ಚಿದ ತಲೆಗೇ ಬಳಿದಿದ್ದರು. ಮೂರನೇ ದಿನ ಸೀರು (ಹೇನಿನ ಮೊಟ್ಟೆ) ಕಂಡು, ಕೆಲಸ ಮಾಡಲಿಲ್ಲವೆಂದು ಇನ್ನೊಂದು ಬ್ರ್ಯಾಂಡ್ ತಂದು ಹಚ್ಚಿ, ಅಲ್ಲಿಗೆ ಬಿಟ್ಟಿದ್ದರು.

ಈ ಔಷಧಿ ಓಡಾಡುವ ಹೇನನ್ನು ಕೊಲ್ಲುತ್ತದೆ, ಸೀರನ್ನು ಪೂರ್ತಿ ಕೊಲ್ಲುವುದಿಲ್ಲ. ಸೀರು ಒಡೆಯಲು ಸುಮಾರು 7ರಿಂದ 10 ದಿನ ಬೇಕು. ಹೊರಬಂದ ಮರಿ ಬಲಿತು ತಾನೇ ಮೊಟ್ಟೆ ಇಡಲು ಮತ್ತೆ ಒಂದೂವರೆ ವಾರದಷ್ಟು ಬೇಕು. ಆದ್ದರಿಂದ ಎರಡನೇ ಸಲ ಹಚ್ಚಬೇಕಾದ್ದು 9ನೇ ದಿನದ ಸುಮಾರಿಗೆ: ಮರಿಗಳು ಹೊರಬಂದಿರುತ್ತವೆ, ಮೊಟ್ಟೆ ಇಡುವಷ್ಟು ಬೆಳೆದಿರುವುದಿಲ್ಲ. ಮೂರನೇ ದಿನ ಹಚ್ಚಿದ್ದು ದಂಡ.

ಹಚ್ಚುವ ಕ್ರಮವನ್ನು ಬರೆದು ಕೊಡಲಾಯಿತು. ಮೊದಲು ಶಾಂಪೂ ಹಾಕಿ ಎಣ್ಣೆ ತೆಗೆಯಿರಿ, ಕಂಡೀಷನರ್ ಹಾಕಬೇಡಿ, ಅದು ಕೂದಲಿಗೆ ಔಷಧಿ ಹತ್ತದಂತೆ ಮಾಡುತ್ತದೆ. ಟವೆಲ್‌ನಿಂದ ಒರೆಸಿ, ಒದ್ದೆ ಆರುವ ಮೊದಲೇ ಬುಡದಿಂದ ತುದಿಯವರೆಗೆ ಹಚ್ಚಿ. ಕಿವಿಯ ಹಿಂದೆ, ಕತ್ತಿನ ಮೇಲ್ಭಾಗದಲ್ಲಿ ಚೆನ್ನಾಗಿ ತಾಗಲಿ. ದಟ್ಟ ಜಡೆಯ ಹುಡುಗಿಗೆ ಒಂದು ಬಾಟಲಿ ಸಾಲದಿರಬಹುದು, ಅರೆಬರೆ ಹಚ್ಚಿದರೆ ಹೇನು ಉಳಿಯುತ್ತದೆ. 10 ನಿಮಿಷ ಬಿಟ್ಟು ತೊಳೆಯಿರಿ, ಮುಂದಿನ ಎರಡು ದಿನ ತಲೆಸ್ನಾನ ಬೇಡ. ಮೆಡಿಕಲ್ ಶಾಪಿನಲ್ಲಿ 5% ಕ್ರೀಮ್ ಕೊಟ್ಟರೆ ವಾಪಸ್ ಕೊಡಿ, ಅದು ಕಜ್ಜಿಗೆ ಬಳಸುವಂಥದ್ದು.

ಔಷಧಿಗಿಂತ ಹೆಚ್ಚು ತಾಳ್ಮೆ ಬೇಡುವುದು ಬಾಚುವ ಕೆಲಸ. ಸಾಧಾರಣ ಬಾಚಣಿಗೆ ನಡೆಯದು, ಹಲ್ಲುಗಳು ಒತ್ತೊತ್ತಾಗಿರುವ ಲೋಹದ ಸೀರಣಿಗೆ ಬೇಕು. ಒದ್ದೆ ಕೂದಲಿಗೆ ಧಾರಾಳವಾಗಿ ಕಂಡೀಷನರ್ ಹಚ್ಚಿ (ಔಷಧಿ ಹಚ್ಚಿ ಎರಡು ದಿನ ಕಳೆದ ಮೇಲೆ), ಸಿಕ್ಕು ಬಿಡಿಸಿ, ಕೂದಲನ್ನು ಸಣ್ಣ ಸಣ್ಣ ಎಳೆಯಾಗಿ ಬೇರ್ಪಡಿಸಿಕೊಳ್ಳಿ. ಸೀರಣಿಗೆ ನೆತ್ತಿಯ ಚರ್ಮಕ್ಕೆ ತಾಗಿದಂತೆ ಹಿಡಿದು ತುದಿಯವರೆಗೆ ಎಳೆಯಿರಿ. ಪ್ರತಿ ಸಲ ಬಿಳಿ ಟಿಶ್ಯೂಗೆ ಒರೆಸಿ ನೋಡಿ. ಎಳ್ಳಿನಷ್ಟು ಗಾತ್ರದ ಕಂದು ಹೇನು ಅದರ ಮೇಲೆ ಕಾಲಾಡಿಸುವುದು ಬರಿಗಣ್ಣಿಗೇ ಕಾಣುತ್ತದೆ. ಉಗುರಿನಿಂದ ತಟ್ಟಿದರೆ ಉದುರುವುದು ಹೊಟ್ಟು, ಕೂದಲಿಗೆ ಅಂಟಿ ಜಗ್ಗದಿರುವುದು ಸೀರು. ಬುಡದಿಂದ ಒಂದು ಸೆಂಟಿಮೀಟರಿಗಿಂತ ದೂರವಿರುವ ಸೀರು ಹೆಚ್ಚಾಗಿ ಖಾಲಿ ಸಿಪ್ಪೆ, ಅದಕ್ಕಾಗಿ ಔಷಧಿ ಬೇಡ. ಮೂರು ನಾಲ್ಕು ದಿನಕ್ಕೊಮ್ಮೆ ಬಾಚುತ್ತಾ ಹೋಗಿ, ಸತತ ಮೂರು ಸಲ ಜೀವಂತ ಹೇನು ಸಿಗದಿದ್ದರೆ ನಿಲ್ಲಿಸಬಹುದು.

ಮನೆಮದ್ದಿನ ಬಗ್ಗೆ ಅತ್ತೆಯ ಪಟ್ಟಿ ಉದ್ದವಿತ್ತು. ಕೊಬ್ಬರಿ ಎಣ್ಣೆ ಬಾಚಲು ಅನುಕೂಲ, ಅಷ್ಟು ಸಾಕು. ಸೀಮೆಎಣ್ಣೆ, ಇರುವೆ ಚಾಕ್ ಮಗುವಿನ ತಲೆಗೆ ಸೋಕಬಾರದು. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಕಪ್ಪುಗುಡ್ಡೆಯ ಮೇಲ್ಪದರ ಕಿತ್ತು ಬರುವಷ್ಟು ಗಾಯವಾಗುತ್ತದೆ. ಕರ್ಪೂರ ಬೆರೆಸಿದ ಎಣ್ಣೆ ಬಾಯಿಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರುವ ಅಪಾಯವಿದೆ.

ಇಷ್ಟೆಲ್ಲ ಮಾಡಿದರೂ ಹೇನು ಮರಳಿ ಬರಲು ಇನ್ನೊಂದು ಕಾರಣ ಆ ಮನೆಯಲ್ಲೇ ಇತ್ತು. ಮಗು ಮಲಗುವುದು ಅಜ್ಜಿಯ ಪಕ್ಕದಲ್ಲಿ, ಅಜ್ಜಿಯ ತಲೆಯನ್ನು ಯಾರೂ ನೋಡಿರಲಿಲ್ಲ. ಸೊಸೆ ಅತ್ತೆಗೆ "ನಿಮ್ಮ ತಲೆ ತೋರಿಸಿ" ಎಂದರೆ ಯುದ್ಧ ಖಚಿತ. ಹಾಗಾಗಿ ಆ ಮಾತು ಮಗನಿಂದ ಬರಲಿ ಎಂದು ಸಲಹೆ ಕೊಡಲಾಯಿತು: "ಅಮ್ಮಾ, ಎಲ್ಲರದ್ದೂ ಒಂದ್ಸಲ ನೋಡಿಬಿಡೋಣ, ಮೊದಲು ನಂದೇ ನೋಡು." ಅಪ್ಪನ ತಲೆಯಲ್ಲಿ ಏನೂ ಸಿಗಲಿಲ್ಲ, ಅಜ್ಜಿಯದರಲ್ಲಿ ಸಿಕ್ಕಿತು. ಅಜ್ಜಿಗೂ ಮೊಮ್ಮಗಳಿಗೂ ಒಂದೇ ದಿನ ಔಷಧಿಯಾಯಿತು. ಹಾಸಿಗೆ, ಸೋಫಾಗಳಿಗೆ ಸ್ಪ್ರೇ ಹೊಡೆಯುವುದು ಬೇಡ. ತಲೆಯಿಂದ ಬಿದ್ದ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ. ದಿಂಬಿನ ಕವರು, ಟವೆಲ್, ಬಾಚಣಿಗೆಗಳನ್ನು ಚೆನ್ನಾಗಿ ಕಾದ ನೀರಿನಲ್ಲಿ ಹಾಕಿದರೆ ಸಾಕು.

ಬಾಚುವ ಜಾಗ ಬಾಲ್ಕನಿಯಿಂದ ಒಳಗೆ ಬಂತು. ಟಿಶ್ಯೂ ಮಗುವಿನ ಕೈಯಲ್ಲೇ, ಸಿಕ್ಕಿದ್ದನ್ನು ಎಣಿಸುವುದು ಅವಳ ಕೆಲಸ. "ಥೂ" ಪೂರ್ತಿ ಬಂದ್. ಯಾರಾದರೂ ಕೇಳಿದರೆ "ಹೌದು, ಹೇನಾಗಿತ್ತು, ಔಷಧಿ ಹಾಕಿದ್ದೀವಿ" ಅನ್ನುವುದನ್ನು ಅಮ್ಮನ ಜೊತೆ ಹೇಳಿ ಹೇಳಿ ಅಭ್ಯಾಸ ಮಾಡಿದಳು. ತಾಯಿ ಟೀಚರಿಗೆ ಚೀಟಿ ಬರೆದರು: ಚಿಕಿತ್ಸೆ ಶುರುವಾಗಿದೆ, ಮೊದಲಿನ ಜಾಗದಲ್ಲೇ ಕೂರಿಸಿ, ಎಲ್ಲ ಪೋಷಕರೂ ಮಕ್ಕಳ ತಲೆ ನೋಡುವಂತೆ ಯಾರ ಹೆಸರೂ ಹಾಕದೆ ತಿಳಿಸಿ. ಜಾಗ ವಾಪಸ್ ಸಿಕ್ಕಿತು, ಹೊಟ್ಟೆನೋವು ನಿಧಾನಕ್ಕೆ ಕಡಿಮೆಯಾಯಿತು.

ಎರಡನೇ ಸಲ ಹಚ್ಚಿದ ಮೇಲೂ ಮಗು ತಲೆ ಕೆರೆದುಕೊಳ್ಳುತ್ತಿದ್ದಾಳೆಂದು ತಾಯಿ ಗಾಬರಿಯಿಂದ ಫೋನ್ ಮಾಡಿದರು. ಹೇನಿನ ಎಂಜಲಿನ ಅಲರ್ಜಿಯಿಂದ ತುರಿಕೆ ಕೆಲವು ವಾರ ಉಳಿಯಬಹುದು, ಅದನ್ನೇ ನೋಡಿ ಮತ್ತೆ ಔಷಧಿ ಹಚ್ಚಬಾರದು. ಸೀರಣಿಗೆಯಲ್ಲಿ ಜೀವಂತ ಹೇನು ಸಿಕ್ಕರೆ, ನೆತ್ತಿಯಲ್ಲಿ ಕೀವು ಕಂಡರೆ ಅಥವಾ ಕತ್ತಿನ ಹಿಂದೆ ಗಂಟು ಬಂದರೆ ಚರ್ಮದ ಡಾಕ್ಟರಿಗೆ ತೋರಿಸಿ, ಬೇರೆ ಔಷಧಿಯನ್ನು ಅವರೇ ಬರೆದುಕೊಡಲಿ.